ಕೃಷಿ ಹೈಸ್ಕೂಲು ಅಂದ್ರೆ ಮೂಗು ಮುರಿಯಬೇಡಿ

ಇಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಈಗ ಒಂದೇ ಚರ್ಚೆ: ಮುಂದೆ ಯಾವ ಹೈಸ್ಕೂಲು? ಕೃಷಿ ಕೇಂದ್ರದ ಹೆಸರೆತ್ತಿದರೆ ಸಾಕು, "ಅಯ್ಯೋ, ಅದು ಓದು ತಲೆಗೆ ಹತ್ತದವರಿಗೆ" ಅಂತ ಮಾತು ಮುಗಿಸಿಬಿಡುತ್ತಾರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಮ್ಮಲ್ಲಿ ಎಷ್ಟೋ ಜನರನ್ನು ಓದಿಸಿದ್ದೇ ಅಡಿಕೆ, ರಾಗಿ, ಹಾಲಿನ ದುಡ್ಡು ಅಲ್ವಾ?

ಈ ಪುಟ್ಟ ರಾಜ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಕೃಷಿ ಕಲಿಸುವ ಸುಮಾರು 20 ಪ್ರಾದೇಶಿಕ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೆಚ್ಚಿನವು ಮಾಮೂಲಿ ಸರ್ಕಾರಿ ಹೈಸ್ಕೂಲಿನ ಒಳಗೇ ಇವೆ. ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಪಕ್ಕದ ಊರಿನದಕ್ಕೆ ಅರ್ಜಿ ಹಾಕಬಹುದು. ಸೀಟು ಸಿಕ್ಕರೆ ಫೀಸು ನಿಮ್ಮ ಊರಿನ ಶಾಲಾ ಆಡಳಿತವೇ ಕಟ್ಟುತ್ತದೆ. ಗಣಿತ, ಇಂಗ್ಲಿಷ್, ಇತಿಹಾಸ ಎಲ್ಲರಂತೆ ಇವರಿಗೂ ಇದೆ. ಕಾಲೇಜಿನ ದಾರಿಯೂ ಮುಚ್ಚುವುದಿಲ್ಲ. ನ್ಯೂ ಹೇವನ್‌ನ ಸೌಂಡ್ ಸ್ಕೂಲ್ ಅಂತೂ ನೀರಿನ ದಂಡೆಯಲ್ಲೇ ಇದೆ, ಅಲ್ಲಿ ಮೀನು ಸಾಕಣೆ, ದೋಣಿ ಕೆಲಸವೂ ಪಾಠವೇ.

ನನಗೆ ತುಂಬಾ ಹಿಡಿಸಿದ್ದು ಇವರ ಲೆಕ್ಕದ ಪುಸ್ತಕ. ಕ್ಲಾಸಿನ ಆಚೆ ಪ್ರತಿ ಮಗುವೂ ಸ್ವಂತದ್ದೊಂದು ಕೆಲಸ ಮಾಡಬೇಕು. ಮೇಕೆ ಸಾಕಬಹುದು, ನರ್ಸರಿಯಲ್ಲಿ ದುಡಿಯಬಹುದು, ಜೇನು ಇಡಬಹುದು. ಹಿಂಡಿಗೆ ಎಷ್ಟು ಖರ್ಚಾಯಿತು, ಮರಿಯ ತೂಕ ಎಷ್ಟು ಏರಿತು, ಎಷ್ಟು ಗಂಟೆ ದುಡಿದೆ, ಕೊನೆಗೆ ಕೈಗೆ ಎಷ್ಟು ಉಳಿಯಿತು ಎಲ್ಲವನ್ನೂ ಬರೆದಿಡಬೇಕು. ಮೇಷ್ಟ್ರು ಬಂದು ನೋಡುತ್ತಾರೆ. ಹದಿನೈದರ ಹುಡುಗಿ ಮರಿ ಮಾರಿ ನಷ್ಟ ಆಗಿದ್ದನ್ನು ತನ್ನ ಕೈಯಾರೆ ಬರೆದು, ಹಿಂಡಿಯ ಬೆಲೆ ಎಲ್ಲಿ ಏರಿತು ಅಂತ ಹುಡುಕುವುದು ಸಣ್ಣ ಓದಲ್ಲ. ಇದು ಹೊಸ ಫ್ಯಾಷನ್ನೂ ಅಲ್ಲ. ವೃತ್ತಿ ಶಿಕ್ಷಣಕ್ಕೆ ಹಣ ಕೊಡಲು ಅಮೆರಿಕ ಸರ್ಕಾರ ತಂದ 1917ರ ಸ್ಮಿತ್-ಹ್ಯೂಸ್ ಕಾಯ್ದೆಯಲ್ಲೇ, ಕೃಷಿ ಓದುವ ಮಕ್ಕಳು ವರ್ಷಕ್ಕೆ ಕನಿಷ್ಠ 6 ತಿಂಗಳು ಮೇಷ್ಟ್ರ ಉಸ್ತುವಾರಿಯಲ್ಲಿ ಕೃಷಿ ಕೆಲಸ ಮಾಡಬೇಕು ಅಂತ ಇತ್ತು.

ಕರ್ನಾಟಕದಲ್ಲಿ ಬಿ.ಎಸ್ಸಿ. ಕೃಷಿಗೆ ರೈತರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಹೊಲದ ಅನುಭವಕ್ಕೆ ಅಲ್ಲಿ ಬೆಲೆ ಕೊಡುವ ನಾವೇ ಇಲ್ಲಿ ಅದನ್ನು ಕೀಳು ಅನ್ನುವುದು ಯಾವ ನ್ಯಾಯ?

ಎಲ್ಲ ಮಕ್ಕಳೂ ಇದನ್ನೇ ಓದಲಿ ಅನ್ನುತ್ತಿಲ್ಲ. ಪ್ರಾಣಿ, ಗಿಡ, ಯಂತ್ರ ಅಂದರೆ ಪ್ರಾಣ ಬಿಡುವ ಮಗು ಮನೆಯಲ್ಲಿದ್ದರೆ ಸುಮ್ನೆ ತಳ್ಳಿಹಾಕಬೇಡಿ. ಶಾಲೆ ನೋಡಲು ಎಲ್ಲರನ್ನೂ ಕರೆಯುವ ಓಪನ್ ಹೌಸ್‌ಗೆ ಮಗುವನ್ನೂ ಕರೆದುಕೊಂಡು ಹೋಗಿ. ನಿಮ್ಮ ಊರಿನ ಮಕ್ಕಳಿಗೆ ಎಷ್ಟು ಸೀಟಿದೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಅರ್ಜಿಗೆ ಕೊನೇ ದಿನ ಯಾವುದು, ಅಲ್ಲೇ ಕೇಳಿಕೊಂಡು ಬನ್ನಿ.