ಕುರ್ಚಿ ಸಿಕ್ಕಿತು, ಕೆಲಸ ಸಿಗಲಿಲ್ಲ

ನಾನು ಪಿಯುಸಿ ಓದುತ್ತಿದ್ದಾಗ, ಪದವಿಯ ಕೊನೆಯ ವರ್ಷದಲ್ಲಿದ್ದ ಅಂಧ ವಿದ್ಯಾರ್ಥಿನಿಯೊಬ್ಬರಿಗೆ ಪರೀಕ್ಷೆಯಲ್ಲಿ ಲಿಪಿಕಾರಳಾಗಿ ಕುಳಿತಿದ್ದೆ. ಅವರು ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಪಾಲಿನ ಕೆಲಸ. ಭೂಸುಧಾರಣೆಯ ಬಗ್ಗೆ ಬಂದ ಒಂದು ಪ್ರಶ್ನೆಗೆ ಅವರು ಎಲ್ಲಿಯೂ ತಡವರಿಸದೆ ನಾಲ್ಕು ಪುಟಗಳಷ್ಟು ಉತ್ತರ ಹೇಳಿ ಮುಗಿಸುವ ಹೊತ್ತಿಗೆ ನನ್ನ ಕೈ ಸೋತಿತ್ತು. ಅಂದಿನಿಂದ ಅವರು ನನಗೆ ಅಕ್ಕ. ಆಮೇಲೆ ಅವರು ಎಂ.ಎ. ಮಾಡಿದರು, ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸಿ ಕಂಪ್ಯೂಟರ್ ಕಲಿತರು, ಹಲವು ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆದು ಕೊನೆಗೆ ಮೀಸಲಾತಿಯಡಿ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾದರು. ಆದೇಶ ಪತ್ರ ಬಂದ ದಿನ ಅವರ ಮನೆಯಲ್ಲಿ ಹಬ್ಬ.

ಕಳೆದ ತಿಂಗಳು ಮಾತಿನ ನಡುವೆ ಕೇಳಿದೆ: "ಅಕ್ಕಾ, ಈಗ ಯಾವ ವಿಷಯದ ಕಡತ ನೋಡ್ತಿದ್ದೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕಡತ ಯಾರು ಕೊಡ್ತಾರೆ ಕಣೇ? ಫೋನ್ ಬಂದ್ರೆ ಎತ್ತಬೇಕು. ಸಂಬಳ ಬರುತ್ತಲ್ಲ, ಆರಾಮಾಗಿ ಕೂತಿರಿ ಮೇಡಂ ಅಂತಾರೆ." ಹಾಗೆ ಹೇಳುವವರು ಕೆಟ್ಟವರಲ್ಲ, ಅವರು ಉಪಕಾರ ಮಾಡುತ್ತಿದ್ದೇವೆ ಎಂದೇ ನಂಬಿದ್ದಾರೆ. ಆದರೆ ಓದಿದ, ದುಡಿಯಬಲ್ಲ ಒಬ್ಬ ಮನುಷ್ಯರನ್ನು ನಿವೃತ್ತಿಯವರೆಗೆ ಸುಮ್ಮನೆ ಕೂರಿಸುವುದು ಉಪಕಾರವಲ್ಲ.

ಅವರಿಗೆ ಕಡತ ಕೊಡಲಾಗದಿರುವುದಕ್ಕೆ ಕಾರಣ ಅವರ ಕಣ್ಣಲ್ಲ. ಆ ಕಚೇರಿಯ ಹಳೆಯ ಟಿಪ್ಪಣಿಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿವೆ. ತೆರೆಯ ಮೇಲೆ ಕನ್ನಡವಾಗಿ ಕಾಣುವ ಆ ಅಕ್ಷರಗಳು ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸುತ್ತೋಲೆಗಳು ಬರುವುದು ಸಹಿ ಮಾಡಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ, ಅಂದರೆ ಚಿತ್ರವಾಗಿ. ಅದೇ ವಿಷಯ ಯೂನಿಕೋಡ್‌ನಲ್ಲಿದ್ದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಹಳೆಯ ಫಾಂಟನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಪರಿವರ್ತಕ ತಂತ್ರಾಂಶವೂ, ಸುತ್ತೋಲೆಯ ಟೈಪ್ ಮಾಡಿದ ಮೂಲ ಪ್ರತಿಯನ್ನು ಜೊತೆಗೆ ಕಳುಹಿಸುವ ಅಭ್ಯಾಸವೂ ಇದ್ದರೆ ಅಕ್ಕ ನಾಳೆಯಿಂದಲೇ ಕಡತ ನಿರ್ವಹಿಸಬಲ್ಲರು.

ಅಕ್ಕನದು ನೇಮಕಾತಿ ದಕ್ಕಿದವರ ಕಥೆ. ಅಲ್ಲಿಯವರೆಗೂ ಬಾರದವರೇ ಹೆಚ್ಚು. 2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ವಿಕಲಚೇತನರು 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ದೇಶದ ವಿಕಲಚೇತನರಲ್ಲಿ ದುಡಿಮೆಯಲ್ಲಿದ್ದವರು ಸುಮಾರು ಶೇ 36, ಮಹಿಳೆಯರನ್ನಷ್ಟೇ ತೆಗೆದುಕೊಂಡರೆ ಶೇ 23. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ವಿಕಲಚೇತನರಲ್ಲಿ ದುಡಿಯುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ ಶೇ 23.8 ಮಾತ್ರ. ಅದೇ ಸಮೀಕ್ಷೆ ಅವರಲ್ಲಿ ನಿರುದ್ಯೋಗ ಶೇ 4.2 ಎನ್ನುತ್ತದೆ. ಆ ಒಂದೇ ಅಂಕಿಯನ್ನು ನೋಡಿದವರಿಗೆ ಪರಿಸ್ಥಿತಿ ಅಷ್ಟೇನೂ ಕೆಟ್ಟಿಲ್ಲ ಅನ್ನಿಸೀತು. ಆದರೆ ಕೆಲಸ ಹುಡುಕುವವರಿಗೆ ಮಾತ್ರ ನಿರುದ್ಯೋಗಿ ಎಂಬ ಹೆಸರು. ಬಸ್ ಹತ್ತಲಾಗದೆ, ಹತ್ತು ಕಡೆ ತಿರಸ್ಕಾರ ಉಂಡು, ಮನೆಯವರಿಂದಲೇ "ನಿನಗ್ಯಾಕೆ ಆ ಕಷ್ಟ" ಎನ್ನಿಸಿಕೊಂಡು ಹುಡುಕುವುದನ್ನೇ ಬಿಟ್ಟವರು ಆ ಶೇ 4.2ರೊಳಗೆ ಇಲ್ಲ. ನನಗೆ ಭಯ ಹುಟ್ಟಿಸುವುದು ಲೆಕ್ಕದಿಂದಲೇ ಹೊರಗುಳಿದ ಈ ಜನ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರ ಮೀಸಲಾತಿ ಕೊಟ್ಟಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು ಕನಿಷ್ಠ ಶೇ 4ಕ್ಕೆ ಏರಿಸಿ, 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಆದರೆ ಬರೆದದ್ದನ್ನು ಜಾರಿಗೆ ತರಿಸಲು ಜನ ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ವಿಕಲಚೇತನರಿಗೆಂದು ಗುರುತಿಸಿದ ಹುದ್ದೆಗಳ ಮೇಲಲ್ಲ, ವೃಂದದ (ಒಂದೇ ಶ್ರೇಣಿಯ ಹುದ್ದೆಗಳ ಗುಂಪಿನ) ಒಟ್ಟು ಹುದ್ದೆಗಳ ಮೇಲೆ ಮೀಸಲಾತಿಯನ್ನು ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ, ಅಂದರೆ ಕಾಯ್ದೆ ಬಂದ 18 ವರ್ಷಗಳ ನಂತರ. ಬಡ್ತಿಯಲ್ಲಿಯೂ ಮೀಸಲಾತಿ ಉಂಟೆಂಬುದು ಗಟ್ಟಿಯಾದದ್ದು 2020ರ ಜನವರಿಯಲ್ಲಿ, ನಮ್ಮ ರಾಜ್ಯದಿಂದಲೇ ಹೋಗಿದ್ದ ಸಿದ್ದರಾಜು ಪ್ರಕರಣದಲ್ಲಿ.

ಈ ವ್ಯವಸ್ಥೆಯ ಒಳಗೇ ಇರುವ, ಹೆಚ್ಚು ಜನ ಗಮನಿಸದ ಒಂದು ತೊಡಕಿನ ಬಗ್ಗೆ ಹೇಳಬೇಕು. ಯಾವ ವೈಕಲ್ಯವುಳ್ಳವರು ಯಾವ ಹುದ್ದೆ ನಿರ್ವಹಿಸಬಲ್ಲರು ಎಂದು ಸರ್ಕಾರ ಪಟ್ಟಿ ಮಾಡುತ್ತದೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ 3,566 ಹುದ್ದೆಗಳಿವೆ. ಪ್ರತಿ ಹುದ್ದೆಯ ಮುಂದೆ ಕೂರುವುದು, ನಿಲ್ಲುವುದು, ನಡೆಯುವುದು, ಬಾಗುವುದು, ನೋಡುವುದು, ಕೇಳುವುದು, ಓದಿ ಬರೆಯುವುದು ಹೀಗೆ ಬೇಕಾದ ದೈಹಿಕ ಸಾಮರ್ಥ್ಯಗಳನ್ನು ಸಂಕೇತಾಕ್ಷರಗಳಲ್ಲಿ ನಮೂದಿಸಲಾಗಿದೆ. ಇದನ್ನು ಮಾಡಿದ್ದು ಒಳ್ಳೆಯ ಉದ್ದೇಶದಿಂದ, ಹುದ್ದೆಯೇ ಇಲ್ಲವೆಂದು ಯಾವ ಇಲಾಖೆಯೂ ಜಾರಿಕೊಳ್ಳದಿರಲಿ ಎಂದು. ಪಟ್ಟಿ ಸೂಚಕವೇ ಹೊರತು ಅಂತಿಮವಲ್ಲ ಎಂದೂ ಅದರಲ್ಲಿ ಹೇಳಿದೆ. ಆದರೂ ಕಚೇರಿಗಳಲ್ಲಿ ಅದನ್ನು ಓದುವ ರೀತಿಯೇ ಬೇರೆ: ಪಟ್ಟಿಯಲ್ಲಿ ಇಲ್ಲದ್ದು ನಿಷಿದ್ಧ. "ಓದುವುದು" ಎಂಬ ಸಂಕೇತವಿದ್ದರೆ ಅದು ಕಣ್ಣಿನಿಂದಲೇ ಆಗಬೇಕೆಂದು ಯಾರೂ ಬರೆದಿಲ್ಲ. ಕಿವಿಯಿಂದ ಓದುವವರಿದ್ದಾರೆ, ಬೆರಳಿನಿಂದ ಓದುವವರಿದ್ದಾರೆ. ದೇಹ ಏನು ಮಾಡಬೇಕು ಎಂದು ಅಳೆಯುವ ಬದಲು ಕೆಲಸ ಏನಾಗಬೇಕು ಎಂದು ಬರೆದಿದ್ದರೆ ಈ ಪಟ್ಟಿ ಬೇರೆಯದೇ ಆಗಿರುತ್ತಿತ್ತು. ದೃಷ್ಟಿಹೀನರು ನ್ಯಾಯಾಧೀಶರಾಗಲಾರರು ಎಂದು ಮಧ್ಯಪ್ರದೇಶದ ನಿಯಮವೊಂದು ಬಾಗಿಲು ಮುಚ್ಚಿತ್ತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ವೈಕಲ್ಯವೊಂದನ್ನೇ ಕಾರಣವಾಗಿಸಿ ಯಾರನ್ನೂ ನ್ಯಾಯಾಂಗ ಸೇವೆಯಿಂದ ದೂರವಿಡುವಂತಿಲ್ಲ ಎಂದಿತು. ನ್ಯಾಯಾಧೀಶರ ಪೀಠಕ್ಕೆ ಸಲ್ಲುವ ಮಾತು ಗುಮಾಸ್ತರ ಮೇಜಿಗೂ ಸಲ್ಲಬೇಡವೇ?

2016ರ ಕಾಯ್ದೆಯಲ್ಲಿ ಮೀಸಲಾತಿಯಷ್ಟೇ ತೂಕದ ಇನ್ನೊಂದು ಮಾತಿದೆ, ಅದು ಸಮಂಜಸ ಹೊಂದಾಣಿಕೆ. ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದಂತೆ, ಆ ವ್ಯಕ್ತಿ ಇತರರಿಗೆ ಸಮನಾಗಿ ದುಡಿಯಲು ಬೇಕಾದ ಮಾರ್ಪಾಡು ಮಾಡಿಕೊಡುವುದು. ಅದನ್ನು ನಿರಾಕರಿಸುವುದನ್ನು ಕಾಯ್ದೆ ತಾರತಮ್ಯವೆಂದೇ ಎಣಿಸುತ್ತದೆ. ಶ್ರವಣದೋಷವುಳ್ಳವರಿರುವ ಸಭೆಗೆ ಸಂಜ್ಞೆ ಭಾಷೆಯ ದುಭಾಷಿಯನ್ನು ಕರೆಸುವುದು, ಗಾಲಿಕುರ್ಚಿಯಲ್ಲಿ ಬರುವವರ ವಿಭಾಗವನ್ನು ನೆಲಮಹಡಿಗೆ ತರುವುದು, ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಕೆಲಸದ ವೇಳೆಯನ್ನು ಒಂದು ಗಂಟೆ ಹಿಂದೆಮುಂದೆ ಮಾಡಿಕೊಡುವುದು, ಇವೆಲ್ಲ ಹೊಂದಾಣಿಕೆಯೇ. ಇವುಗಳಲ್ಲಿ ಹಲವಕ್ಕೆ ಹಣವೇ ಬೇಕಿಲ್ಲ. ಬೇಕಾದ ಕಡೆ ಅದು ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕೆಂಬ ಪ್ರಶ್ನೆಗೆ ಕಚೇರಿಯ ಮುಖ್ಯಸ್ಥರಲ್ಲಿ ಉತ್ತರವಿರುವುದಿಲ್ಲ, ಆದ್ದರಿಂದ ಅರ್ಜಿ ಅಲ್ಲೇ ಉಳಿಯುತ್ತದೆ. ಪ್ರತಿ ಜಿಲ್ಲೆಗೂ ಇದಕ್ಕೆಂದೇ ಪ್ರತ್ಯೇಕ ನಿಧಿ ಇಟ್ಟು, ಯಾವ ಇಲಾಖೆಯ ನೌಕರರಾದರೂ ಅದರಿಂದ ನೇರವಾಗಿ ಕೇಳುವಂತಾಗಬೇಕು ಎಂಬುದು ನನ್ನ ಆಗ್ರಹ.

ಖಾಸಗಿ ವಲಯದ ವಿಚಾರದಲ್ಲಿ ಕಾಯ್ದೆಯ ದನಿಯೇ ತಗ್ಗುತ್ತದೆ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆನ್ನುವ ಸೆಕ್ಷನ್ 20 ಸರ್ಕಾರಿ ಸಂಸ್ಥೆಗಳನ್ನಷ್ಟೇ ಹೆಸರಿಸುತ್ತದೆ. ಖಾಸಗಿಯವರು ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, ಸಿಬ್ಬಂದಿಯಲ್ಲಿ ಕನಿಷ್ಠ ಶೇ 5ರಷ್ಟು ವಿಕಲಚೇತನರಿರುವಂತೆ ಮಾಡಲು ಸರ್ಕಾರ ಅವರಿಗೆ ಪ್ರೋತ್ಸಾಹಧನ ಕೊಡಬೇಕು, ಅಷ್ಟೇ. 2008ರಿಂದ ಜಾರಿಗೆ ಬಂದ ಯೋಜನೆಯೊಂದರಲ್ಲಿ ಮಾಲೀಕರ ಪಾಲಿನ ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆಯನ್ನು 3 ವರ್ಷ ಸರ್ಕಾರವೇ ತುಂಬುವ ಅವಕಾಶವಿತ್ತು. ಅಂಥದ್ದೊಂದು ಯೋಜನೆ ಇತ್ತೆಂದು ನಾನು ಮಾತಾಡಿದ ಸಣ್ಣ ಉದ್ಯಮಿಗಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕಾಯ್ದೆಯನ್ನು ಮೊದಲ ಬಾರಿ ಉಲ್ಲಂಘಿಸಿದರೆ ದಂಡ ಹೆಚ್ಚೆಂದರೆ 10,000 ರೂಪಾಯಿ. ದೊಡ್ಡ ಕಂಪನಿಗೆ ಅದು ಗಮನಿಸಬೇಕಾದ ಮೊತ್ತವೇ ಅಲ್ಲ. ತಮ್ಮಲ್ಲಿ ಎಷ್ಟು ವಿಕಲಚೇತನರು, ಯಾವ ಹುದ್ದೆಯಲ್ಲಿ ದುಡಿಯುತ್ತಿದ್ದಾರೆಂದು ಪ್ರತಿ ದೊಡ್ಡ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಹೇಳಲೇಬೇಕು ಎಂದಾದರೆ, ದಂಡಕ್ಕಿಂತ ಹೆಚ್ಚಿನ ಪರಿಣಾಮ ಆದೀತು.

ಸರ್ಕಾರ ತಾನೇ ಎಂಥ ಮಾಲೀಕ ಎಂಬುದನ್ನೂ ಕೇಳಿಕೊಳ್ಳಬೇಕು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ಅವರನ್ನು ವಿಆರ್‌ಡಬ್ಲ್ಯೂ ಎನ್ನುತ್ತಾರೆ. ಅವರೂ ವಿಕಲಚೇತನರೇ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವುದು, ಮಾಸಾಶನದ ಅರ್ಜಿ ಹಾಕಿಸುವುದು, ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸುವುದು ಎಲ್ಲವೂ ಅವರ ಹೆಗಲಿಗೆ. 2018ರ ಸಮೀಕ್ಷೆಯ ಹೊತ್ತಿಗೆ ವೈಕಲ್ಯದ ಪ್ರಮಾಣಪತ್ರವಿದ್ದವರು ಶೇ 28.8 ಮಾತ್ರ. ಆ ಪತ್ರವಿಲ್ಲದೆ ಯಾವ ಮೀಸಲಾತಿಯೂ ಇಲ್ಲವಾದ್ದರಿಂದ ಈ ಕಾರ್ಯಕರ್ತರ ಕೆಲಸ ಎಷ್ಟು ಬುನಾದಿಯದ್ದೆಂದು ಊಹಿಸಬಹುದು. ಅಂಥವರಿಗೆ ಸಿಗುವುದು ವೇತನವಲ್ಲ, ಗೌರವಧನ. ಸೇವಾ ಭದ್ರತೆಗಾಗಿ ಅವರು ಊರುಗೋಲು, ತ್ರಿಚಕ್ರ ವಾಹನಗಳ ಸಮೇತ ಧರಣಿ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇತರರ ಹಕ್ಕಿಗಾಗಿ ಊರೂರು ಸುತ್ತುವವರಿಗೆ ತಮ್ಮದೇ ದುಡಿಮೆಯ ಹಕ್ಕು ದಕ್ಕದಿರುವುದು ನನ್ನ ಮಟ್ಟಿಗೆ ಸಹಿಸಲಾಗದ ಸಂಗತಿ.

ಅಕ್ಕ ಈಗ ತಮ್ಮ ಕಚೇರಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟಿದ್ದಾರೆ. ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಡಿ, ಸುತ್ತೋಲೆಯ ಮೂಲ ಪ್ರತಿ ಕಳುಹಿಸಿ, ನನಗೊಂದು ವಿಷಯ ನಿರ್ವಹಣೆ ವಹಿಸಿ ಎಂಬುದು ಅವರ ಕೋರಿಕೆ. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕೆಂದು 2016ರ ಕಾಯ್ದೆಯ ಸೆಕ್ಷನ್ 23 ಹೇಳುತ್ತದೆ. ಆ ಎರಡು ವಾರ ಮೊನ್ನೆಗೆ ಮುಗಿಯಿತು. ಬಂದ ಉತ್ತರ ಸ್ಕ್ಯಾನ್ ಮಾಡಿದ ಒಂದು ಪುಟ. ಅವರು ಅದನ್ನು ನನ್ನ ಮೊಬೈಲ್‌ಗೆ ಕಳುಹಿಸಿದರು, ನಾನು ಫೋನಿನಲ್ಲಿ ಓದಿ ಹೇಳಿದೆ: "ಪರಿಶೀಲನೆಯಲ್ಲಿದೆ." ಅವರು ಪತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ಎರಡು ಸಲ ಹೇಳಿಸಿಕೊಂಡು, ಆ ರಾತ್ರಿಯೇ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿಯನ್ನು ತಾವೇ ಟೈಪ್ ಮಾಡಿದರು. ಸೋಮವಾರ ಅದನ್ನು ಸಲ್ಲಿಸಲು ಇಬ್ಬರೂ ಹೋಗುತ್ತಿದ್ದೇವೆ.