ಕಠೋಪನಿಷತ್ತಿನ ಮುದಿ ಹಸುಗಳು

ಉಪನಿಷತ್ತು ಓದಿದರೆ ಟೆನ್ಶನ್ ಕಡಿಮೆಯಾಗುತ್ತದೆ ಎಂದು ನಿಮ್ಮ ಪತ್ರಿಕೆಯ ಲೇಖನದಲ್ಲಿ ಬರೆದಿದ್ದೀರಿ. ಆಗಬಹುದು. ಆದರೆ ಅದಕ್ಕೆ ಸಂಜೆ ವಾಕಿಂಗ್ ಕೂಡ ಸಾಕು, ಅಲ್ವಾ?

ನನಗೆ ಕಠೋಪನಿಷತ್ತು ಹಿಡಿಸಿದ್ದು ಬೇರೆ ಕಾರಣಕ್ಕೆ. ಅದು ಶುರುವಾಗುವುದೇ ಅಪ್ಪ-ಮಗನ ಇರುಸುಮುರುಸಿನಿಂದ. ಅಪ್ಪ ಯಜ್ಞ ಮಾಡಿ ಇದ್ದದ್ದೆಲ್ಲ ದಾನ ಕೊಡುತ್ತಿದ್ದಾನೆ. ಕೊಡುವ ಹಸುಗಳೋ, ಹುಲ್ಲು ಮೇಯುವ ಕಾಲವೂ ಮುಗಿದು ಹೋದವು. ಹಾಲಂತೂ ಇಲ್ಲವೇ ಇಲ್ಲ. ಹುಡುಗ ನಚಿಕೇತನಿಗೆ ಇದು ಸರಿ ಕಾಣುವುದಿಲ್ಲ. ಇದ್ದದ್ದೆಲ್ಲ ಕೊಡುವುದಾದರೆ, 'ನನ್ನನ್ನು ಯಾರಿಗೆ ಕೊಡುತ್ತೀಯಪ್ಪಾ?' ಎಂದು ಮೂರು ಸಲ ಕೇಳುತ್ತಾನೆ. ಅಪ್ಪ ರೇಗಿ, 'ಯಮನಿಗೆ ಕೊಟ್ಟೆ' ಅಂದುಬಿಡುತ್ತಾನೆ. (ನಮ್ಮ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಧಾಟಿ!) ಹರಿದ ಸ್ವೆಟರ್ ದಾನ ಕೊಟ್ಟು ಫೋಟೊ ಹಾಕುವ ನಮಗೆ ಈ ಭಾಗ ಚೆನ್ನಾಗಿಯೇ ಚುಚ್ಚುತ್ತದೆ.

ತೈತ್ತಿರೀಯ ಎಂಬ ಇನ್ನೊಂದು ಉಪನಿಷತ್ತಿನಲ್ಲಿ ಗುರುವೇ ಶಿಷ್ಯರಿಗೆ ಹೇಳುತ್ತಾನೆ: ನಮ್ಮಲ್ಲಿ ಒಳ್ಳೆಯ ನಡತೆ ಏನಿದೆಯೋ ಅದನ್ನಷ್ಟೇ ಹಿಡಿಯಿರಿ, ಉಳಿದದ್ದು ಬೇಡ. ಇಷ್ಟು ಧೈರ್ಯ ಎಷ್ಟು ಮೇಷ್ಟ್ರಿಗಿದೆ?

ಮಕ್ಕಳಿಗೆ ಸುಮ್ನೆ ಬಾಯಿಪಾಠ ಮಾಡಿಸುವುದೇ ಜಾಸ್ತಿಯಾಗಿದೆ. ಕಥೆ ಹೇಳಿ ನೋಡಿ. 'ಆ ಹಸುಗಳು ಆಮೇಲೆ ಏನಾದವು?' ಎಂದು ನನ್ನ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.