ಫ್ಯೂಸ್ ಬಾಕ್ಸಿಗೂ ಚರ್ಮದ ಅಂಗಿ

ಸುಮಾರು 2 ಕೋಟಿ ಕೊಟ್ಟು ಪೋರ್ಷೆ 911 ಸ್ಪೋರ್ಟ್ಸ್ ಕಾರು ಬುಕ್ ಮಾಡುವವರು ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡಿದ್ದರೆ, ನೀವು ನನ್ನ ಹಾಗೆ ಬಸ್ಸಿನ ಗಿರಾಕಿ ಅಂತ ಅರ್ಥ. ಎಂಜಿನ್ ಐದು ನಿಮಿಷದ ಮಾತು. ಕ್ಯಾರೆರಾ ಬೇಕಾ, ಜಿಟಿ3 ಬೇಕಾ, ಬ್ಯಾಂಕಿನಲ್ಲಿ ಎಷ್ಟಿದೆ, ಮುಗೀತು. ನಿಜವಾದ ಸಂಕಟ ಶುರುವಾಗುವುದು ಆಮೇಲೆ, ಸೀಟಿನ ಹೊಲಿಗೆಗೆ ಯಾವ ಬಣ್ಣದ ದಾರ ಹಾಕಲಿ ಅಂತ ಕಂಪನಿಯವರು ಕೇಳಿದಾಗ. ಅಲ್ಲಿಯವರೆಗೆ ಸಾವಿರ ಜನರನ್ನು ಕೆಲಸಕ್ಕಿಟ್ಟುಕೊಂಡು ಗಟ್ಟಿಯಾಗಿ ನಿರ್ಧಾರ ತೆಗೆದುಕೊಳ್ಳುತ್ತಿದ್ದ ಸಾಹುಕಾರರು, ಅಲ್ಲಿಂದ ಮುಂದೆ ರಾತ್ರಿ ಹನ್ನೊಂದಕ್ಕೆ ಹೆಂಡತಿಗೆ, ಮಗನಿಗೆ, ಲೆಕ್ಕ ಬರೆಯುವ ಆಡಿಟರಿಗೆಲ್ಲಾ ಸ್ಕ್ರೀನ್‌ಶಾಟ್ ಕಳಿಸಿ "ಇದು ಓಕೆನಾ" ಅಂತ ಕೇಳುವ ಸ್ಥಿತಿಗೆ ಬರುತ್ತಾರೆ.

ಕಾರಿಗೆ ಏನೇನು ಹಾಕಿಸಬಹುದು ಅಂತ ಕಂಪನಿಯವರು ಕೊಡುವ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಖರ್ಚಿಲ್ಲ, ನೋಡೋಕೆ ಯಾರೂ ತೆರಿಗೆ ಹಾಕಿಲ್ಲ. ಸೀಟಿಗೆ ಚರ್ಮ ಬೇಕಾ ಅಂತ ಕೇಳುತ್ತಾರೆ, ಸರಿ. ಡ್ಯಾಶ್‌ಬೋರ್ಡಿಗೆ? ಅದೂ ಸರಿ. ಬಿಸಿಲು ತಡೆಯುವ ಸನ್‌ವೈಸರಿಗೆ? ಸೀಟ್ ಬೆಲ್ಟ್ ಹೊರಗೆ ಬರುವ ಕಿಂಡಿಯ ಅಂಚಿಗೆ? ಎಸಿ ಗಾಳಿ ಬರುವಲ್ಲಿ ಬೆರಳಿನಿಂದ ಮೇಲೆ ಕೆಳಗೆ ಮಾಡುವ ಸಣ್ಣ ಪ್ಲಾಸ್ಟಿಕ್ ಪಟ್ಟಿಗಳಿವೆಯಲ್ಲ, ಅವಕ್ಕೂ ಒಂದೊಂದಾಗಿ ಚರ್ಮ ಸುತ್ತಿ ಕೊಡುತ್ತಾರೆ. ಕಾರಿನ ಕೀಲಿಗೆ ಕಾರಿನದೇ ಬಣ್ಣ ಬಳಿದು, ಅದು ಮಲಗೋಕೆ ಚರ್ಮದ ಚೀಲ ಕೊಡುತ್ತಾರೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಫ್ಯೂಸ್ ಬಾಕ್ಸಿನ ಮುಚ್ಚಳ. ಡ್ರೈವರಿನ ಕಾಲ ಹತ್ತಿರ, ಮೂಲೆಯಲ್ಲಿ, ಬಗ್ಗಿ ಟಾರ್ಚ್ ಬಿಟ್ಟರೆ ಮಾತ್ರ ಕಾಣುವ ಮುಚ್ಚಳ ಅದು. ಅದಕ್ಕೂ ಚರ್ಮ ಹೊದಿಸುವ ಆಯ್ಕೆ ಪೋರ್ಷೆ ಪಟ್ಟಿಯಲ್ಲಿ ವರ್ಷಗಟ್ಟಲೆ ಇದೆ, ಅದನ್ನು ದುಡ್ಡು ಕೊಟ್ಟು ತಗೊಳ್ಳುವವರೂ ಇದ್ದಾರೆ. ಫ್ಯೂಸ್ ಹೋದ ದಿನ ಮೆಕ್ಯಾನಿಕ್ ನೋಡಿ "ಆಹಾ, ಇವರು ಮನೆತನಸ್ಥರು" ಅಂದುಕೊಳ್ಳಲಿ ಅಂತಲೋ ಏನೋ.

ಇನ್ನೊಂದು ವಿಚಿತ್ರ ನೋಡಿ. ದುಡ್ಡು ಜಾಸ್ತಿ ಆದಂತೆ ಕಾರಿನೊಳಗೆ ಸಾಮಾನು ಜಾಸ್ತಿ ಆಗಬೇಕು, ಅಲ್ವಾ? ಇಲ್ಲ. ಒಂದು ಹಂತ ದಾಟಿದ ಮೇಲೆ ಕಮ್ಮಿ ಆಗುತ್ತಾ ಹೋಗುತ್ತದೆ. 911ರಲ್ಲೇ ರೇಸ್ ಕಾರಿಗೆ ಹತ್ತಿರದ ಜಿಟಿ3 ಆರ್‌ಎಸ್ ತಗೊಂಡರೆ ಹಿಂದಿನ ಸೀಟು ಮಾಯ. ಬಾಗಿಲು ತೆಗೆಯೋಕೆ ಹಿಡಿಕೆ ಬದಲು ಒಂದು ಬಟ್ಟೆ ಪಟ್ಟಿ. 1990ರ ದಶಕದ ಕ್ಯಾರೆರಾ ಆರ್‌ಎಸ್‌ನಲ್ಲಿ ತೂಕ ಇಳಿಸೋಕೆ ಹಾಕಿದ್ದು ಅದೇ ಪಟ್ಟಿ. ಆಗ ಅದಕ್ಕೆ ಕಾರಣ ಇತ್ತು, ರೇಸ್ ಟ್ರ್ಯಾಕಿನಲ್ಲಿ ಒಂದೊಂದು ಗ್ರಾಮೂ ಲೆಕ್ಕ. ಈಗ ಅದೇ ಪಟ್ಟಿಯನ್ನು ಕೆಂಪಲ್ಲಿ ಕೊಡಲಾ ಹಳದಿಯಲ್ಲಿ ಕೊಡಲಾ ಅಂತ ಕೇಳುತ್ತಾರೆ. ಕಾರಿನ ತೂಕ 200 ಗ್ರಾಂ ಇಳಿಸಿದ ಸಂಭ್ರಮದಲ್ಲಿ ಅದರೊಳಗೆ ಕೂರುವವರು ಮಧ್ಯಾಹ್ನ ಬೆಣ್ಣೆ ದೋಸೆ ಎರಡು ಹೆಚ್ಚಿಗೆ ಹೊಡೆದು ಬಂದಿರುತ್ತಾರೆ, ಆ ಮಾತು ಬಿಡಿ.

ಸೀಟಿಗೆ, ಸ್ಟೀರಿಂಗಿಗೆ ಚರ್ಮದ ಬದಲು ಹೊದಿಸುವ ಅಲ್ಕಾಂತರಾ ಅಂತ ಒಂದು ಬಟ್ಟೆ ಇದೆ. ಹೆಸರು ಕೇಳಿದರೆ ಇಟಲಿಯ ಯಾವುದೋ ರಾಜಮನೆತನದ ಹುಡುಗಿ ಇರಬೇಕು ಅನ್ನಿಸುತ್ತದೆ. ತಯಾರಾಗುವುದು ಇಟಲಿಯಲ್ಲೇ, ನಿಜ. ಆದರೆ 1970ರಲ್ಲಿ ಅದನ್ನು ಕಂಡುಹಿಡಿದವರು ಜಪಾನಿನ ಟೋರೇ ಕಂಪನಿಯ ಮಿಯೋಶಿ ಓಕಾಮೋಟೋ. ಅದರಲ್ಲಿ ಇರುವುದು ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಉಳಿದದ್ದು ಪಾಲಿಯುರೆಥೇನ್. ಪೋರ್ಷೆಯವರು ರೇಸ್-ಟೆಕ್ಸ್ ಅಂತ ಕೊಡುವ ಮೈಕ್ರೋಫೈಬರ್ ಬಟ್ಟೆಯೂ ಅದೇ ಜಾತಿಯದು. ನಮ್ಮಪ್ಪನ ಕಾಲದಲ್ಲಿ ಇದೇ ಪಾಲಿಯೆಸ್ಟರಿನ ಟೆರಿಲೀನ್ ಶರ್ಟ್ ಹಾಕಿದವನಿಗೆ ಊರಲ್ಲಿ ಬೆಲೆ ಇತ್ತು, ಆಮೇಲೆ ಕಾಟನ್ ಬಂದು ಅದು ಅಟ್ಟ ಸೇರಿತು. ಈಗ ಪಾಲಿಯೆಸ್ಟರ್ ಸ್ಟೀರಿಂಗ್ ಮೇಲೆ ಬಂದು ಕೂತಿದೆ. ಮೈ ಬೆವರಿಗೆ ಸಿಕ್ಕಿ ಕೆಲವು ವರ್ಷದಲ್ಲಿ ಅಲ್ಲಲ್ಲಿ ಹೊಳೆಯೋಕೆ ಶುರು ಮಾಡುತ್ತದೆ, ಟೆರಿಲೀನ್ ಪ್ಯಾಂಟಿನ ಹಿಂಭಾಗ ಹೊಳೆಯುತ್ತಿತ್ತಲ್ಲ, ಹಾಗೇ.

ಚರ್ಮದ ವಿಷಯಕ್ಕೆ ಬಂದರೆ ನಮ್ಮವರ ಕಥೆಯೇ ಬೇರೆ. ಪಕ್ಕದ ಟೇಬಲ್ಲಿಗೆ ಆಮ್ಲೆಟ್ ಬಂತು ಅಂತ ಹೋಟೆಲ್ಲಿಂದ ಎದ್ದು ಬರುವ ಮನೆಯವರು, ಇಡೀ ಒಳಾಂಗಣಕ್ಕೆ ಹೋರಿಯ ಚರ್ಮ ಹೊದಿಸಿ, ಅದರ ಮೇಲೆ ಕೂತು ದೇವಸ್ಥಾನಕ್ಕೆ ಹೋಗುತ್ತಾರೆ. ಚರ್ಮ ಬೇಡ, ಬಟ್ಟೆ ಹಾಕಿಸಿ ಸ್ವಾಮಿ ಅಂದರೆ, "ಅದು ಚೀಪಾಗಿ ಕಾಣುತ್ತೆ ಕಣ್ರೀ" ಅನ್ನುತ್ತಾರೆ. ರೋಲ್ಸ್ ರಾಯ್ಸ್ ಸ್ಪೋರ್ಟ್ಸ್ ಕಾರಲ್ಲ, ಆದರೂ ಹೇಳಿಬಿಡುತ್ತೇನೆ: ಅವರು ಹೋರಿಯ ಚರ್ಮವನ್ನೇ ಬಳಸುತ್ತಾರೆ, ಯಾಕಂದರೆ ಹಸು ಬಸುರಾದಾಗ ಚರ್ಮದ ಮೇಲೆ ಗೆರೆ ಬೀಳುತ್ತದಂತೆ. ಆ ಹೋರಿಯೂ ಮುಳ್ಳುತಂತಿ ಬೇಲಿ ಇಲ್ಲದ, ಸೊಳ್ಳೆ ಕಮ್ಮಿ ಇರುವ ಎತ್ತರದ ಜಾಗದಲ್ಲಿ ಮೇದಿರಬೇಕು. ಸೊಳ್ಳೆ ಕಚ್ಚದ ಊರು! ಪಾಲಿಕೆಗೆ ತೆರಿಗೆ ಕಟ್ಟಿದ ನಮಗೇ ಸಿಗದ ಸೌಲಭ್ಯ.

ಇಷ್ಟೆಲ್ಲಾ ಆದ ಮೇಲೆ ಸಾಹುಕಾರರು ಆರಿಸುವುದು ಏನು? ಟ್ರಫಲ್ ಬ್ರೌನ್ ನೋಡಿದರು, ಬೋರ್ಡೋ ರೆಡ್ ನೋಡಿದರು, 1977ರಲ್ಲಿ ಪೋರ್ಷೆಯದೇ 928 ಕಾರಿನಲ್ಲಿ ಬಂದಿದ್ದ ತಲೆ ಗಿರ್ರೆನಿಸುವ ಪಾಶಾ ಅನ್ನುವ ಚೌಕುಳಿ ಬಟ್ಟೆ 2025ರಲ್ಲಿ ಸ್ಪಿರಿಟ್ 70 ಅನ್ನುವ ಹೆಸರಿನ ಬರೀ 1,500 ಕಾರಿನಲ್ಲಿ ಮತ್ತೆ ಬಂತು ಅಂತ ಕೇಳಿ ಅದನ್ನೂ ನೋಡಿದರು. ಕೊನೆಗೆ ಒತ್ತಿದ್ದು ಕಪ್ಪು. ಪೂರ್ತಿ ಕಪ್ಪು. ಯಾಕೆ ಅಂದರೆ, "ರೀಸೇಲ್‌ಗೆ ಒಳ್ಳೇದು." ಇನ್ನೂ ಜರ್ಮನಿಯ ಕಾರ್ಖಾನೆಯಲ್ಲಿ ಕಾರಿನ ತಗಡು ಕತ್ತರಿಸಿಲ್ಲ, ಇವರು ಆಗಲೇ ನಾಲ್ಕು ವರ್ಷದ ಮೇಲೆ ಅದನ್ನು ಕೊಳ್ಳುವ ಅಪರಿಚಿತನೊಬ್ಬನ ಇಷ್ಟಕ್ಕೆ ಸೀಟು ಹೊಲಿಸುತ್ತಿದ್ದಾರೆ. ಆ ಪುಣ್ಯಾತ್ಮ ಯಾರು, ಎಲ್ಲಿದ್ದಾನೆ, ಗೊತ್ತಿಲ್ಲ. ಬಹುಶಃ ಇನ್ನೂ ಕಾಲೇಜಿನಲ್ಲಿದ್ದಾನೆ. ಅವನಿಗೆ ಕಪ್ಪೇ ಇಷ್ಟ ಅಂತ ಇವರಿಗೆ ಹೇಗೋ ಗೊತ್ತು.

ಒಂದೇ ಒಂದು ಕಡೆ ಸಾಹುಕಾರರು ಧೈರ್ಯ ಮಾಡುತ್ತಾರೆ: ಕೆಂಪು ಸೀಟ್ ಬೆಲ್ಟ್. ಇದರ ಲೆಕ್ಕ ನನಗೆ ಬಹಳ ಇಷ್ಟ. 2025ರ ಬಜೆಟ್ಟಿನ ಪ್ರಕಾರ 40,000 ಡಾಲರ್ ಮೀರಿದ ವಿದೇಶಿ ಕಾರಿಗೆ ಸುಂಕ, ಸೆಸ್ ಸೇರಿ 110%. ಜರ್ಮನಿಯಲ್ಲಿ 100 ರೂಪಾಯಿಯ ಕೆಂಪು ಬಣ್ಣ ಬಂದರಿನಲ್ಲಿ 210 ಆಯಿತು. ಅದರ ಮೇಲೆ 40% ಜಿಎಸ್‌ಟಿ, 294. ಕರ್ನಾಟಕದಲ್ಲಿ ರಿಜಿಸ್ಟರ್ ಮಾಡಿಸಿದರೆ ಜೀವಾವಧಿ ತೆರಿಗೆ 18%, ಹತ್ತಿರ ಹತ್ತಿರ 347. ಡೀಲರ್ ಲಾಭ ಇನ್ನೂ ಸೇರಿಸಿಲ್ಲ. ಕಪ್ಪು ಬೆಲ್ಟ್ ಕಾರಿನ ಜೊತೆಗೇ ಬರುತ್ತದೆ, ಜೀವ ಉಳಿಸುವುದರಲ್ಲಿ ಎರಡೂ ಒಂದೇ. ಆದರೂ ಸರ್ಕಾರಕ್ಕೆ ಇಷ್ಟು ಸಂತೋಷದಿಂದ ತೆರಿಗೆ ಕಟ್ಟುವವರನ್ನು ನಾವು ಆಡಿಕೊಳ್ಳಬಾರದು. ನಮ್ಮ ಬಡಾವಣೆಯ ಅರ್ಧ ಮೋರಿ ಇವರ ಫ್ಯೂಸ್ ಬಾಕ್ಸಿನ ಮುಚ್ಚಳದಿಂದಲೇ ಆಗಿರಬಹುದು.

ಒಂದು ಮಾತು ಮಾತ್ರ ಸಾಹುಕಾರರ ಪರವಾಗಿ ಹೇಳಲೇಬೇಕು. ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರಿಗೆ ಎಂಜಿನ್‌ಗಿಂತ ಸೀಟೇ ಮುಖ್ಯ, ಇದು ತಮಾಷೆಯಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ. ನಾಲ್ಕು ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರು ಸಿಲ್ಕ್ ಬೋರ್ಡ್ ಹತ್ತಿರ ವಾಟರ್ ಟ್ಯಾಂಕರಿನ ಹಿಂದೆ ನಿಂತಿರುವಾಗ, ಅದರಲ್ಲಿ ಪೂರ್ತಿ ಕೆಲಸ ಮಾಡುತ್ತಿರುವ ಭಾಗ ಅಂತ ಇರುವುದು ಸೀಟು ಮತ್ತು ಎಸಿ. ಹಾಗಿರುವಾಗ ಸೀಟಿನ ದಾರಕ್ಕೆ ಮೂರು ತಿಂಗಳು ಯೋಚನೆ ಮಾಡಿದ್ದು ತಪ್ಪಲ್ಲ. ಎಂಜಿನ್‌ಗೆ ಕೊಟ್ಟ ಐದು ನಿಮಿಷವೇ ಜಾಸ್ತಿ ಆಯಿತು.

ಡೆಲಿವರಿ ದಿನ ಶೋರೂಮಿನಲ್ಲಿ ಪುರೋಹಿತರು ಬರುತ್ತಾರೆ. ಅರಿಶಿನ, ಕುಂಕುಮ ಎಣ್ಣೆಯಲ್ಲಿ ಕಲಸಿ, ಬಾನೆಟ್ ಮೇಲೆ ಸ್ವಸ್ತಿಕ್ ಬರೆದು, ಅದೇ ಬೆರಳುಗಳನ್ನು ತಂದು ರೇಸ್-ಟೆಕ್ಸ್ ಸ್ಟೀರಿಂಗ್ ಮೇಲೆ ಒತ್ತುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿದಷ್ಟೂ ಅದು ಎಳೆಯ ಒಳಕ್ಕೆ ಇಳಿಯುತ್ತದೆ. ಮೊದಲ ವಾರವೇ ಸಾಹುಕಾರರಿಗೆ ಭಯ ಹತ್ತಿ, ಕಾರಿನ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಅಲ್ಲಿನ ಹುಡುಗ ಜರ್ಮನ್ ಚರ್ಮವನ್ನು ಒಮ್ಮೆ ಸವರಿ ನೋಡಿ, "ಸಾರ್, ಇದು ಹಾಳಾಗುತ್ತೆ, ಮೇಲೊಂದು ಕವರ್ ಹಾಕಿಸ್ಬಿಡಿ" ಅನ್ನುತ್ತಾನೆ. ಕವರ್ ಅಂದರೆ ರೆಕ್ಸಿನ್. ಅದರ ಮೇಲೆ, ಬೆವರು ತಾಗಬಾರದು ಅಂತ, ವಿಧಾನಸೌಧದ ಸಾಹೇಬರ ಕುರ್ಚಿಯಲ್ಲಿ ಇರುತ್ತದಲ್ಲ ಬಿಳಿ ಟರ್ಕಿ ಟವೆಲ್, ಅದು.

ಪೋರ್ಷೆಯವರು ಇಷ್ಟು ವರ್ಷ ಆ ಟವೆಲನ್ನು ತಮ್ಮ ಪಟ್ಟಿಗೆ ಸೇರಿಸದೇ ಇರುವುದು ನನಗೆ ಆಶ್ಚರ್ಯ. ಅಂಚಿಗೆ ನಿಮ್ಮಿಷ್ಟದ ಬಣ್ಣದ ಹೊಲಿಗೆ, ತಲೆ ಒರಗುವ ಕಡೆ ಕಂಪನಿಯ ಲಾಂಛನ. ಒಗೆಯೋಕೆ ಹಾಕಿದ ದಿನಕ್ಕೆ ಇನ್ನೊಂದು ಜೊತೆ ಬೇಕಾಗುತ್ತದೆ, ಅದಕ್ಕೆ ಬೇರೆ ದುಡ್ಡು.